ಅಂಗಡಿಯ ಹಿಂದೆ ಬಿಗಿಸಿಕೊಂಡವರು

ಸೇತುವೆಗೆ ಮುಂಚಿನ ತಿರುವಿನಲ್ಲಿ ಕಾರು ಹಿಲ್ಕಾಳ ಮಾತು ಕೇಳಲಿಲ್ಲ. ಸ್ಟೇರಿಂಗ್ ಎಡಕ್ಕೆ ತಿರುಗಿತ್ತು, ಕಾರು ಮಾತ್ರ ತನಗೂ ಆ ತಿರುವಿಗೂ ಸಂಬಂಧವೇ ಇಲ್ಲವೆಂಬಂತೆ ನೇರ ಹೋಗುತ್ತಿತ್ತು. ಜಾರುವಾಗ ಬ್ರೇಕು ತುಳಿಯಬಾರದೆಂದು ಮದುವೆಯಾದಾಗಿನಿಂದ ಗಂಡನ ಬಾಯಲ್ಲಿ ಕೇಳಿ ಕೇಳಿ ಅವಳ ಕಾಲಿಗೇ ಬುದ್ಧಿ ಬಂದಿತ್ತು. ತುಳಿಯಲಿಲ್ಲ. ಬಲಗಡೆಯ ಚಕ್ರಗಳು ರಸ್ತೆಯಂಚಿನ ಜಲ್ಲಿಗೆ ಇಳಿದು, ಅಲ್ಲಿ ಒಂದಿಷ್ಟು ಹಿಡಿತ ಸಿಕ್ಕಿ, ಕಾರು ಸರೋವರದ ಕಡೆಗೆ ಮೂತಿ ಮಾಡಿಕೊಂಡು ನಿಂತಿತು.

ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ಹಿಲ್ಕಾ ಬಾಗಿಲು ಹಿಡಿದುಕೊಂಡೇ ಇಳಿದಳು. ಹಿಂದಿನ ದಿನದ ಸೋನೆ ಮಳೆ ಬೆಳಗಿನ ಚಳಿಗೆ ಹೆಪ್ಪುಗಟ್ಟಿ, ರಸ್ತೆ ಆಗಷ್ಟೇ ಒರೆಸಿದ ಅಡುಗೆಮನೆಯ ನೆಲದ ಹಾಗೆ ಹೊಳೆಯುತ್ತಿತ್ತು. ವರ್ಷದ ಮೊದಲ ಮಂಜುಗಡ್ಡೆ. ಇದೇನೂ ಅವಳಿಗೆ ಹೊಸದಲ್ಲ. ಉತ್ತರದ ಹಿಮನಾಡಿನ ಈ ಹೌಕಿಲಂಪಿ ಊರಿನಲ್ಲಿ ಹುಟ್ಟಿದವರು ನಡೆಯುವುದನ್ನು ಕಲಿಯುವ ಮೊದಲೇ ಜಾರುವುದನ್ನು ಕಲಿಯುತ್ತಾರೆ. ಆದರೆ ಹೋದ ವಾರವಷ್ಟೇ ಗಂಡ ತೌನೊ ಚಳಿಗಾಲದ ಟೈರು ಹಾಕಿದ್ದ. ಸಾವಿರ ಸಣ್ಣ ಮೊಳೆಗಳಿದ್ದ ದುಬಾರಿ ಟೈರು, ಗಾಜಿನ ಮೇಲೂ ಕಚ್ಚಿಕೊಂಡು ನಿಲ್ಲುವಂಥದ್ದು. ಅವನು ಹಾಕುವಾಗ ಅವಳೇ ಕಾಫಿ ಒಯ್ದು ಕೊಟ್ಟಿದ್ದಳು.

ಕೈಗವಸು ಕಳಚಿ ಟೈರಿನ ಮೇಲೆ ಬೆರಳಾಡಿಸಿದಳು. ನುಣ್ಣಗಿತ್ತು. ಮೊಳೆಯಿರಲಿಲ್ಲ. ಇನ್ನೊಂದನ್ನು ಮುಟ್ಟಿದಳು, ಹಿಂದೆ ಹೋಗಿ ಉಳಿದೆರಡನ್ನೂ ಮುಟ್ಟಿ ನೋಡಿದಳು. ನಾಲ್ಕೂ ಬೇಸಿಗೆಯ ಟೈರುಗಳು.

ಯಾರೋ ಕದ್ದಿರಬೇಕು ಎಂದು ಮೊದಲು ಅನ್ನಿಸಿತು. ಕದಿಯುವವನು ಬೇರೆ ಟೈರು ಹಾಕಿಕೊಟ್ಟು ಹೋಗುತ್ತಾನೆಯೇ ಎಂದು ತನಗೆ ತಾನೇ ಬೈದುಕೊಂಡಳು. ಆಮೇಲೆ ನಿನ್ನೆಯ ಮಧ್ಯಾಹ್ನ ನೆನಪಾಯಿತು. ತೌನೊ ಊಟವಾದ ಮೇಲೆ ಶೆಡ್ಡಿಗೆ ಹೋದವನು ಕತ್ತಲಾಗುವವರೆಗೂ ಅಲ್ಲೇ ಇದ್ದ. ಒಳಗೆ ಬಂದು ಮೊಣಕೈವರೆಗೂ ಸೋಪು ಹಚ್ಚಿ ತೊಳೆದುಕೊಂಡು, ಮೀನಿನ ಸಾರನ್ನು ಎರಡು ಸಲ ಹಾಕಿಸಿಕೊಂಡು, ಇನ್ನು ಹಿಮ ಯಾವಾಗ ಬೇಕಾದರೂ ಬರಲಿ ಎಂದಿದ್ದ. ಹೋದ ವಾರದ ಮಾತನ್ನೇ ಮತ್ತೆ ಆಡುತ್ತಿದ್ದಾನೆಂದು ಅವಳು ಅಂದುಕೊಂಡಿದ್ದಳು. ಈಚೆಗೆ ಅವನು ಹಾಗೆ ಆಡಿದ ಮಾತನ್ನೇ ಆಡುವುದಿತ್ತು.

ತೌನೊ ಎರಡನೆಯ ಸಲ ಟೈರು ಬದಲಿಸಿದ್ದ. ಕಾರಿನಲ್ಲಿರುವುದನ್ನು ಬಿಚ್ಚಬೇಕು, ಗೋಡೆಗೆ ಒರಗಿರುವುದನ್ನು ಹಾಕಬೇಕು. ಕೈ ತನ್ನ ಕೆಲಸ ಮಾಡಿತ್ತು, ತಲೆ ಜೊತೆಯಲ್ಲಿರಲಿಲ್ಲ.

ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಊರಿಗೆ ಊರೇ ಚಳಿಗಾಲ ಕಳೆಯುವವರೆಗೂ ನಗುತ್ತಿತ್ತು. ಆದರೆ ತೌನೊ ಎಂದರೆ ಟೈರು, ಟೈರು ಎಂದರೆ ತೌನೊ. ಹೆಪ್ಪುಗಟ್ಟಿದ ಸರೋವರದ ಮೇಲೆ ಟೈರು ಕಂಪನಿಯವರು ಹೊಸ ಟೈರುಗಳ ಪರೀಕ್ಷೆಗೆಂದು ಮಾಡಿಕೊಂಡಿದ್ದ ಹಾದಿಯಲ್ಲಿ ಇಪ್ಪತ್ತೈದು ವರ್ಷ ಕಾರು ಓಡಿಸಿದವನು ಅವನು. ಹೆಸರು ಮುಚ್ಚಿದ ಟೈರುಗಳನ್ನು ಹಾಕಿ ಕಳಿಸುತ್ತಿದ್ದರು. ಒಂದು ಸುತ್ತು ಹಾಕಿ ಬಂದು, ಇದು ತಿರುವಿನಲ್ಲಿ ತಡವಾಗಿ ಎಚ್ಚರಗೊಳ್ಳುತ್ತದೆ, ಇದು ಜಾರುವ ಮೊದಲು ಹೇಳಿ ಜಾರುತ್ತದೆ, ಇದು ಹೇಳದೆ ಕೇಳದೆ ಕೈಕೊಡುತ್ತದೆ ಎಂದು ಹೇಳಿಬಿಡುತ್ತಿದ್ದ. ಆಮೇಲೆ ಯಂತ್ರಗಳ ಲೆಕ್ಕವೂ ಅದನ್ನೇ ಹೇಳುತ್ತಿತ್ತು. ತೌನೊಗೆ ಕಣ್ಣಿರುವುದು ಮುಖದಲ್ಲಲ್ಲ, ಕುಂಡಿಯಲ್ಲಿ ಎಂದು ಊರವರು ಹಾಸ್ಯ ಮಾಡಿದರೆ ಅವನಿಗೆ ಅದಕ್ಕಿಂತ ದೊಡ್ಡ ಸನ್ಮಾನ ಬೇಕಿರಲಿಲ್ಲ.

ಹಿಲ್ಕಾ ತಾನು ಅಡುಗೆ ಮಾಡುವ ಶಾಲೆಗೆ ಫೋನು ಮಾಡಿ ತಾನು ತಡವಾಗಿ ಬರುವುದಾಗಿ ಹೇಳಿ, ಗಂಜಿಗೆ ಇಡಲು ಅಡುಗೆಮನೆಯ ಸಹಾಯಕಿಗೆ ತಿಳಿಸಿದಳು. ಬಲಗಡೆಯ ಚಕ್ರಗಳನ್ನು ಜಲ್ಲಿಯ ಮೇಲೇ ಇಟ್ಟುಕೊಂಡು, ನಡೆದು ಹೋಗುವವರಿಗಿಂತ ನಿಧಾನವಾಗಿ, ಮಿರ್ಯಾಳ ದಿನಸಿ ಅಂಗಡಿಯವರೆಗೆ ಕಾರು ತಂದಳು. ಮುಂದೆ ನಿಲ್ಲಿಸಲು ಮನಸ್ಸು ಬರಲಿಲ್ಲ. ತೌನೊನ ಹೆಂಡತಿ ಮಂಜುಗಡ್ಡೆಯ ಮೇಲೆ ಬೇಸಿಗೆಯ ಟೈರಿನಲ್ಲಿ ಬಂದಳೆಂದು ಯಾರಾದರೂ ನೋಡಿದರೆ ಏನು ಗತಿ? ಮೆಲ್ಲಗೆ ಅಂಗಡಿಯ ಹಿಂದಕ್ಕೆ, ಖಾಲಿ ಡಬ್ಬಗಳನ್ನು ಪೇರಿಸುವ ಕಡೆಗೆ ತಿರುಗಿಸಿದಳು.

ಅಲ್ಲಿ ಟ್ಯಾಕ್ಸಿ ಓಡಿಸುವ ಅಸ್ಕೊ ತನ್ನ ಕಾರಿನ ಪಕ್ಕ ಮಂಡಿಯೂರಿ ಕೂತಿದ್ದ. ಕೈಯಲ್ಲಿ ಉದ್ದನೆಯ ಸ್ಪ್ಯಾನರ್ ಇತ್ತು. ಅವಳನ್ನು ಕಂಡವನೇ ಅದನ್ನು ಬೆನ್ನ ಹಿಂದೆ ಇಟ್ಟುಕೊಂಡ. ಅರವತ್ತು ದಾಟಿದ ಗಂಡಸು, ಜಾಮ್ ಕದ್ದು ತಿಂದು ಸಿಕ್ಕಿಬಿದ್ದ ಮಗುವಿನ ಹಾಗೆ ಕಂಡ. ಅವನ ಕಾರಿಗೆ ತೌನೊ ಟೈರು ಹಾಕಿಕೊಟ್ಟದ್ದು ಮೊನ್ನೆಯಷ್ಟೇ ಎಂಬುದು ಹಿಲ್ಕಾಳಿಗೆ ನೆನಪಿತ್ತು.

"ಏನು ಮಾಡ್ತಿದೀಯ ಅಸ್ಕೊ?"

"ಏನಿಲ್ಲ. ಸುಮ್ನೆ ನೋಡ್ತಿದ್ದೆ."

"ಸ್ಪ್ಯಾನರ್ ಹಿಡ್ಕೊಂಡು?"

ಅಸ್ಕೊ ಸುಳ್ಳು ಹೇಳಲು ಬಾರದವನು. ಹತ್ತು ಕಿಲೋಮೀಟರಿನ ದಾರಿಯಲ್ಲಿ ಮೂರು ಮಾತಾಡಿದರೆ ಹೆಚ್ಚು. ಅವನು ಅವಳ ಕಾರಿನ ಚಕ್ರಗಳನ್ನು ನೋಡಿದ, ಅವಳ ಮುಖ ನೋಡಿದ, ಎಲ್ಲ ಅರ್ಥವಾಯಿತೆಂಬಂತೆ ನಿಟ್ಟುಸಿರುಬಿಟ್ಟ. ಆಮೇಲೆ ತುಂಡು ತುಂಡಾಗಿ ವಿಷಯ ಹೊರಬಂತು. ಹೋದ ವರ್ಷ ಶರತ್ಕಾಲದಲ್ಲಿ ಮಿರ್ಯಾಳ ಕಾರು ಸೇತುವೆಯ ಹತ್ತಿರ ಗಡಗಡ ಅಲುಗಿತ್ತಂತೆ. ಇಳಿದು ನೋಡಿದರೆ ಮುಂದಿನ ಚಕ್ರದ ಬೋಲ್ಟುಗಳನ್ನು ಬೆರಳಲ್ಲೇ ತಿರುಗಿಸಬಹುದಿತ್ತಂತೆ. ತೌನೊ ಕೈಯಲ್ಲಿ ಕೂರಿಸಿ, ಸ್ಪ್ಯಾನರಿನಿಂದ ಬಿಗಿಯುವುದನ್ನು ಮರೆತಿದ್ದ. ಅವಳು ಅಸ್ಕೊಗೆ ಹೇಳಿದಳು, ಅಸ್ಕೊ ಇನ್ನಿಬ್ಬರಿಗೆ ಹೇಳಿದ. ಅಂದಿನಿಂದ ತೌನೊನ ಅಂಗಳದಿಂದ ಹೊರಟವರೆಲ್ಲ ನೇರ ಅಂಗಡಿಯ ಹಿಂದಕ್ಕೆ ಬಂದು, ಮಿರ್ಯಾ ಹಿಂಬಾಗಿಲ ಒಳಗೆ ನೇತುಹಾಕಿರುವ ಸ್ಪ್ಯಾನರ್ ತೆಗೆದುಕೊಂಡು, ಎಲ್ಲ ಬೋಲ್ಟುಗಳನ್ನೂ ಬಿಗಿಮಾಡಿಕೊಂಡೇ ಮನೆಗೆ ಹೋಗುತ್ತಿದ್ದರು, ಎರಡು ದಿನ ಬಿಟ್ಟು ಬಂದು ಇನ್ನೊಮ್ಮೆ ನೋಡಿಕೊಳ್ಳುತ್ತಿದ್ದರು.

"ಹೋದ ವರ್ಷದಿಂದ," ಎಂದಳು ಹಿಲ್ಕಾ. "ನನಗೆ ಯಾಕೆ ಹೇಳ್ಲಿಲ್ಲ?"

"ನಿನಗೆ ಗೊತ್ತಿರುತ್ತೆ ಅಂದ್ಕೊಂಡ್ವಿ. ಅದೇ ಮನೇಲಿ ಇರೋಳು ನೀನು."

ಆ ಮಾತು ಕೆನ್ನೆಗೆ ಹೊಡೆದಂತಾಯಿತು. ಅದೇ ಮನೆಯಲ್ಲಿದ್ದವಳು ಅವಳು. ಕಾಫಿಪುಡಿಯ ಡಬ್ಬ ಫ್ರಿಜ್ಜಿನಲ್ಲಿ ಸಿಕ್ಕಾಗ ನಕ್ಕಿದ್ದಳು. ಬಿಸಿಹಬೆ ಸ್ನಾನದ ಸೌನಾ ಕೋಣೆಯ ಒಲೆ ಹೊತ್ತಿಸಿ ಮರೆತು ಮಲಗಿದಾಗ ವಯಸ್ಸು ಎಂದಿದ್ದಳು. ಊರೆಲ್ಲ ಅವಳ ಗಂಡನ ಬಗ್ಗೆ ತಿಳಿದುಕೊಂಡು, ಅವನ ಮಾನ ಕಾಪಾಡಿಕೊಂಡು ಬರುತ್ತಿತ್ತು. ಅವಳೊಬ್ಬಳು ಕಣ್ಣು ಮುಚ್ಚಿಕೊಂಡಿದ್ದಳು. ಅವಳಿಗೆ ಅಸ್ಕೊನ ಮೇಲೆ ಸಿಟ್ಟು ಬಂತು, ಇಡೀ ಊರಿನ ಮೇಲೆ ಬಂತು. ಆ ಸಿಟ್ಟು ನಿಲ್ಲಲು ಎಲ್ಲೂ ಜಾಗವಿಲ್ಲದೆ ತನ್ನ ಮೇಲೇ ಬಂದು ಕೂತಿತು. ಖಾಲಿ ಡಬ್ಬದ ಮೇಲೆ ಕೂತು ಅತ್ತಳು. ಅಸ್ಕೊ ಏನು ಮಾಡಬೇಕೆಂದು ತೋಚದೆ ಉಳಿದ ಬೋಲ್ಟುಗಳನ್ನು ಬಿಗಿಮಾಡಿದ.

ಆಮೇಲೆ ಅವಳನ್ನು ಕರೆದು ಸ್ಪ್ಯಾನರ್ ಕೈಗೆ ಕೊಟ್ಟು, ಅವಳ ಕಾರಿನ ಚಕ್ರಗಳಲ್ಲೇ ತೋರಿಸಿದ. ವರಸೆಯಾಗಿ ಬಿಗಿಯಬಾರದು, ಎದುರುಬದುರಾಗಿ ಬಿಗಿಯಬೇಕು, ಮೈಭಾರ ಹಾಕಬೇಕು, ಬೇಕಾದಷ್ಟು ಬಿಗಿಯಾದಾಗ ಸ್ಪ್ಯಾನರೇ ಟಿಕ್ ಎನ್ನುತ್ತದೆ, ಅಷ್ಟು ಸಾಕು, ಮೇಲೆ ಬಲ ಹಾಕಬಾರದು. ಜಗತ್ತಿಗೇ ಟೈರು ಪಾಠ ಹೇಳಿದವನ ಹೆಂಡತಿ ಒಂದು ಬೋಲ್ಟು ಬಿಗಿಮಾಡುವುದನ್ನು ಕಲಿತದ್ದು ಅಂಗಡಿಯ ಹಿಂದೆ, ಟ್ಯಾಕ್ಸಿಯವನಿಂದ.

"ಇದನ್ನ ಇಲ್ಲಿಗೆ ನಿಲ್ಲಿಸ್ಬೇಕು ಅಸ್ಕೊ. ಯಾರದಾದ್ರೂ ಜೀವ ಹೋದ್ರೆ?"

"ನಿಲ್ಲಿಸಿದ್ರೆ ಅವನು ಏನು ಮಾಡ್ತಾನೆ?" ಎಂದ ಅಸ್ಕೊ. "ವರ್ಷಕ್ಕೆ ಎರಡು ಸಲ ಆ ಶೆಡ್ಡಲ್ಲಿ ನಿಂತ್ಕೊಂಡಾಗ ಅವನು ಅವನೇ ಆಗಿರ್ತಾನೆ. ನೀನೇ ನೋಡು ಬೇಕಾದ್ರೆ."

ಸಂಜೆ ಹಿಲ್ಕಾ ಮನೆಗೆ ಬಂದು, ಟೈರು ಇನ್ನೂ ಬದಲಾಯಿಸಿಲ್ಲವಲ್ಲ ಎಂದಳು. ಅಷ್ಟನ್ನು ಹೇಳಲು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಬಂದಿದ್ದಳು. ತೌನೊ ಕಿಟಕಿಯಿಂದ ಕಾರನ್ನು ನೋಡಿ, ಅಯ್ಯೋ ಹೌದಲ್ಲ, ನೀನು ಮೊದಲೇ ಹೇಳಬಾರದಿತ್ತೇ ಎಂದು ಅವಳ ಮೇಲೇ ರೇಗಿ, ಖುಷಿಯಿಂದಲೇ ಶೆಡ್ಡಿಗೆ ಹೋದ. ಮೂರನೆಯ ಸಲ ಬದಲಿಸಿದ. ಅವನು ಸೌನಾಕ್ಕೆ ಹೋದಾಗ ಹಿಲ್ಕಾ ಹೊರಗೆ ಬಂದು, ಪ್ರತಿ ಬೋಲ್ಟಿನ ಮೇಲೂ ಮೈಭಾರ ಹಾಕಿ, ಟಿಕ್ ಎನ್ನುವವರೆಗೂ ಬಿಗಿಮಾಡಿದಳು. ಒಂದು ಚಕ್ರ ಅವನೇ ಬಿಗಿದಿದ್ದ, ಉಳಿದ ಮೂರನ್ನು ಬಿಟ್ಟಿದ್ದ. ಆ ಒಂದು ಚಕ್ರವನ್ನು ನೋಡಿ ಅವಳಿಗೆ ಹೆಚ್ಚು ದುಃಖವಾಯಿತು.

ಶನಿವಾರ ಎಂದಿನಂತೆ ಅಂಗಳದಲ್ಲಿ ಟೈರು ಬದಲಿಸಿಕೊಳ್ಳುವವರ ಕಾರುಗಳು ನಿಂತವು. ಬಂದವರು ತೌನೊಗೆಂದು ಏನಾದರೂ ತರುವುದು ರೂಢಿ: ಒಬ್ಬರು ಹೊಗೆಯಲ್ಲಿ ಸುಟ್ಟ ಮೀನು, ಒಬ್ಬರು ಹಿಮಸಾರಂಗದ ಒಣಮಾಂಸ, ಮಿರ್ಯಾ ದಾಲ್ಚಿನ್ನಿ ಬನ್ನುಗಳ ತಟ್ಟೆ. ಹಿಲ್ಕಾ ಕಾಫಿ ಸುರಿಯುತ್ತ ಗಂಡನನ್ನೇ ನೋಡುತ್ತಿದ್ದಳು. ಅಸ್ಕೊ ಹೇಳಿದ್ದು ನಿಜ. ಮನೆಯೊಳಗೆ ಕನ್ನಡಕ ಹುಡುಕುತ್ತ ಅಲೆಯುವ ಆ ಮುದುಕ ಇಲ್ಲಿ ಇರಲೇ ಇಲ್ಲ. ಬೆನ್ನು ನೆಟ್ಟಗಿತ್ತು, ಧ್ವನಿಯಲ್ಲಿ ಅಧಿಕಾರವಿತ್ತು. ಒಬ್ಬೊಬ್ಬರ ಟೈರಿಗೂ ಬೆರಳಿಟ್ಟು, ಹೋದ ಚಳಿಗಾಲ ಹೇಗೆ ಹೋಯಿತು, ಬ್ರೇಕು ಹಾಕಿದಾಗ ಏನನ್ನಿಸಿತು, ಒದ್ದೆ ಹಿಮದಲ್ಲಿ ಎಳೆಯಿತೇ ಎಂದು ವೈದ್ಯರ ಹಾಗೆ ವಿಚಾರಿಸುತ್ತಿದ್ದ.

ಮಾತು ಎಂದಿನಂತೆ ಅಸ್ಕೊನ ಮೇಲೆ ಬಂತು. ಇಡೀ ಊರಿನಲ್ಲಿ ಚಳಿಗಾಲಕ್ಕೂ ಮೊಳೆಯಿಲ್ಲದ ಟೈರು ಹಾಕುವವನು ಅವನೊಬ್ಬನೇ. ಸದ್ದಿಲ್ಲ, ಮೆತ್ತಗೆ ಹೋಗುತ್ತದೆ, ಪ್ರಯಾಣಿಕರು ನಿದ್ದೆ ಮಾಡಬಹುದು ಎಂದು ಅವನ ವಾದ.

"ನಿದ್ದೆ ಮಾಡ್ದೆ ಏನು ಮಾಡ್ತಾರೆ ಪಾಪ," ಎಂದ ತೌನೊ. "ಎಚ್ಚರ ಇದ್ರೆ ಹೆದರಿ ಇಳಿದುಬಿಡ್ತಾರೆ."

ಎಲ್ಲರೂ ನಕ್ಕರು. ಹಿಲ್ಕಾ ಕೂಡ ನಕ್ಕಳು. ನಗುತ್ತಲೇ ನೋಡಿದಳು: ತೌನೊ ಬೋಲ್ಟುಗಳನ್ನು ಕೈಯಲ್ಲಿ ಕೂರಿಸಿದ, ಜಾಕಿ ಇಳಿಸಿದ, ಚಕ್ರ ನೆಲಕ್ಕೆ ತಾಗಿತು. ಬಿಗಿಮಾಡಲು ಸ್ಪ್ಯಾನರ್ ಎತ್ತಿಕೊಂಡ. ಅಷ್ಟರಲ್ಲಿ ಯಾರೋ ಸರೋವರದ ಮೇಲಿನ ಹಳೆಯ ದಿನಗಳ ವಿಷಯ ಎತ್ತಿದರು. ತೌನೊ ಸ್ಪ್ಯಾನರನ್ನೇ ಸ್ಟೇರಿಂಗ್ ಮಾಡಿಕೊಂಡು, ಒಂದು ಟೈರು ಅವನನ್ನು ಮೂರು ಸುತ್ತು ತಿರುಗಿಸಿ ಹಿಮದ ಗುಡ್ಡೆಯೊಳಗೆ ನೆಟ್ಟ ಕತೆ ಹೇಳಿದ. ಕತೆ ಮುಗಿದಾಗ ಕೆಲಸವೂ ಮುಗಿದಿದೆ ಎಂದು ಅವನ ತಲೆ ಲೆಕ್ಕ ಹಾಕಿಬಿಟ್ಟಿತು. ಸ್ಪ್ಯಾನರನ್ನು ಗೋಡೆಯ ಕೊಕ್ಕೆಗೆ ನೇತುಹಾಕಿ, ಆಯಿತು, ಹೊರಡು ಎಂದ. ಕಾರಿನವನು ಕೈಕುಲುಕಿ, ನಿಧಾನವಾಗಿ, ಬಹಳ ನಿಧಾನವಾಗಿ, ಅಂಗಡಿಯ ದಿಕ್ಕಿಗೆ ಹೋದ. ಯಾರ ಮುಖದಲ್ಲೂ ಏನೂ ಕಾಣಲಿಲ್ಲ.

ಪಿಹ್ಲಾ ಬಂದದ್ದು ಆಗಲೇ. ಆ ವರ್ಷವಷ್ಟೇ ದಕ್ಷಿಣದಿಂದ ಶಾಲೆಗೆ ಬಂದಿದ್ದ ಟೀಚರ್. ಅವಳ ತಮ್ಮ ಕೊಡಿಸಿದ್ದ ಹೊಚ್ಚಹೊಸ ಟೈರುಗಳು ಕಾರಿನ ಹಿಂದುಗಡೆ ತುಂಬಿದ್ದವು, ಮಗಳು ಅವಳ ಹೆಗಲ ಮೇಲೆ ನಿದ್ದೆಹೋಗಿದ್ದಳು. ಶಾಲೆಯಲ್ಲಿ ಎಲ್ಲರೂ ತೌನೊನ ಹೆಸರನ್ನೇ ಹೇಳಿದರು, ತನ್ನ ಕಾರಿಗೂ ಹಾಕಿಕೊಡಲಾದೀತೇ ಎಂದು ಸಂಕೋಚದಿಂದ ಕೇಳಿದಳು. ಗಂಡಸರು ಒಬ್ಬರನ್ನೊಬ್ಬರು ನೋಡಿಕೊಂಡರು. ತಾನೇ ಹಾಕಿಕೊಡುತ್ತೇನೆಂದು ಅಸ್ಕೊ ಮುಂದೆ ಬಂದ. ಮೊಳೆ ಎಂದರೇನೆಂದೇ ಗೊತ್ತಿಲ್ಲದವನ ಕೈಗೆ ಇಂಥ ಟೈರು ಕೊಡುವುದೇ ಎಂದು ತೌನೊ ಅವನನ್ನು ಪಕ್ಕಕ್ಕೆ ಸರಿಸಿದ.

ಹೊಸ ಟೈರನ್ನು ಅವನು ಮುಟ್ಟಿದ ರೀತಿಯನ್ನು ಹಿಲ್ಕಾ ಮರೆಯುವಂತಿರಲಿಲ್ಲ. ಅಂಗೈಯಲ್ಲಿ ಸವರಿ, ಮೂಗಿನ ಹತ್ತಿರ ಹಿಡಿದು ರಬ್ಬರಿನ ವಾಸನೆ ನೋಡಿ, ಒಳ್ಳೆಯದು, ಇದು ಜಾರುವ ಮೊದಲು ಹೇಳುತ್ತದೆ ಎಂದ. ಒಂದೊಂದಾಗಿ ನಾಲ್ಕನ್ನೂ ಹಾಕಿದ. ಬೋಲ್ಟು ಕೂರಿಸಿದ, ಜಾಕಿ ಇಳಿಸಿದ, ಪಿಹ್ಲಾಗೆ ಹೊಸ ಟೈರನ್ನು ಹೇಗೆ ಪಳಗಿಸಬೇಕೆಂದು ಹೇಳಿದ, ಸ್ಪ್ಯಾನರ್ ಕೊಕ್ಕೆಗೆ ಹೋಯಿತು.

ಹಾಗೇ ಅಂಗಡಿ ಕಡೆ ಹೋಗಿಬನ್ನಿ ಟೀಚರ್, ಮಿರ್ಯಾ ಅಲ್ಲಿ ಏನೋ ಎತ್ತಿಟ್ಟಿದ್ದಾಳೆ ಎಂದ ಅಸ್ಕೊ, ಅವಳ ಕಣ್ಣಿಗೆ ಕಣ್ಣು ಕೊಡದೆ. ಪಿಹ್ಲಾ ಇಲ್ಲವೆಂದಳು. ಇಲ್ಲಿಂದ ನೇರ ಹೆದ್ದಾರಿಗೆ ಹೋಗುವವಳು, ಕತ್ತಲಾಗುವ ಮೊದಲು ಅಮ್ಮನ ಮನೆ ಸೇರಬೇಕು. ಅಂಗಡಿ ಇದ್ದದ್ದು ಅದಕ್ಕೆ ವಿರುದ್ಧ ದಿಕ್ಕಿನಲ್ಲಿ. ಪಿಹ್ಲಾ ಮಗುವನ್ನು ಸೀಟಿನಲ್ಲಿ ಕೂರಿಸಲು ಬಾಗಿಲು ತೆರೆದಳು.

ಹಿಲ್ಕಾ ಕಾಫಿಯ ಜಗ್ಗನ್ನು ಕೆಳಗಿಟ್ಟಳು.

"ತೌನೊ, ಆ ಸ್ಪ್ಯಾನರ್ ಕೊಡಿಲ್ಲಿ."

"ಯಾಕೆ?"

"ಬೋಲ್ಟು ಬಿಗಿಯಾಗಿಲ್ಲ."

ತೌನೊ ನಕ್ಕು, ಕೇಳಿದೆಯೇನೋ ಇವಳ ಮಾತು ಎಂಬಂತೆ ಅಸ್ಕೊನ ಕಡೆ ತಿರುಗಿದ. ಅಸ್ಕೊ ತನ್ನ ಕಾಫಿಯ ಲೋಟದೊಳಗೆ ನೋಡುತ್ತಿದ್ದ. ಮಿರ್ಯಾ ಬನ್ನಿನ ತಟ್ಟೆಯನ್ನು ಸುಮ್ಮನೆ ಸರಿಪಡಿಸುತ್ತಿದ್ದಳು. ತೌನೊನ ನಗು ಹಾಗೇ ಸ್ವಲ್ಪ ಹೊತ್ತು ನಿಂತಿದ್ದು ಮಾಯವಾಯಿತು. ಅವನು ಬಗ್ಗಿ, ಮುಂದಿನ ಚಕ್ರದ ಒಂದು ಬೋಲ್ಟನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿದ. ತಿರುಗಿತು.

"ಇದು ನಾನು ಮಾಡಿದ್ದಾ?"

"ಹೂಂ."

"ಇವತ್ತೊಂದೇ ದಿನಾನಾ?"

ಸುಳ್ಳು ಹೇಳಬಹುದಿತ್ತು. ಹೇಳಿದ್ದರೆ ಅವನು ನಂಬುತ್ತಿದ್ದ. ಆದರೆ ಮುಂದಿನ ವಾರ ಇನ್ನೊಬ್ಬ ಪಿಹ್ಲಾ ಬರುತ್ತಾಳೆ.

"ಅಲ್ಲ ತೌನೊ. ಹೋದ ವರ್ಷದಿಂದ. ಎಲ್ಲರದ್ದೂ."

ಅವನು ಬಗ್ಗಿದಲ್ಲಿಂದಲೇ ಅಂಗಳದ ಕಾರುಗಳನ್ನೂ, ಕಾರುಗಳ ಪಕ್ಕ ನಿಂತಿದ್ದವರನ್ನೂ ಒಬ್ಬೊಬ್ಬರನ್ನಾಗಿ ನೋಡಿದ. ಅವರನ್ನೆಲ್ಲ ಅವನು ಚಿಕ್ಕಂದಿನಿಂದ ಬಲ್ಲ.

"ಮತ್ತೆ ನೀವೆಲ್ಲ ಯಾಕ್ರೋ ಬರ್ತೀರಿ?"

"ಕಾಫಿಗೆ," ಎಂದ ಅಸ್ಕೊ ಕೊನೆಗೆ. ತಮಾಷೆ ಮಾಡಲು ಹೊರಟವನು ಲೋಟವನ್ನು ಕೆಳಗಿಟ್ಟ.

ತೌನೊ ಗೋಡೆಯ ಹತ್ತಿರ ಹೋಗಿ, ಕೊಕ್ಕೆಯಿಂದ ಸ್ಪ್ಯಾನರ್ ತೆಗೆದು, ಅದನ್ನು ಬಟ್ಟೆಯಲ್ಲಿ ಒರೆಸಿ ತಂದು ಹೆಂಡತಿಯ ಕೈಗೆ ಕೊಟ್ಟ. ಕೊಡುವಾಗ ಅವಳ ಬೆರಳುಗಳನ್ನು ಸರಿಯಾದ ಜಾಗದಲ್ಲಿ, ಹಿಡಿಯ ತುದಿಗೆ, ಕೂರಿಸಿಕೊಟ್ಟ. ಹಿಲ್ಕಾ ತಣ್ಣನೆಯ ನೆಲದ ಮೇಲೆ ಮಂಡಿಯೂರಿದಳು. ಅವನ ಮುಖ ನೋಡುವುದು ಅವಳಿಂದ ಆಗಲಿಲ್ಲ. ಇಡೀ ಊರು ಒಂದು ವರ್ಷ ಕಾಪಾಡಿದ್ದನ್ನು ತಾನು ಎರಡು ಮಾತಿನಲ್ಲಿ ಒಡೆದುಹಾಕಿದೆನೆಂದು ಅನ್ನಿಸುತ್ತಿತ್ತು. ಎದುರುಬದುರಾಗಿ ಬಿಗಿಮಾಡತೊಡಗಿದಳು. ಟಿಕ್. ಟಿಕ್.

ಎರಡನೆಯ ಚಕ್ರಕ್ಕೆ ಬರುವಷ್ಟರಲ್ಲಿ ಯಾರೋ ಕೆಮ್ಮಿದರು, ಯಾರೋ ಹವಾಮಾನದ ಮಾತೆತ್ತಿದರು. ಮಿರ್ಯಾ ತೌನೊನ ಕೈಗೆ ಕಾಫಿ ಕೊಟ್ಟಳು. ಅವನು ಕುಡಿದ. ಬನ್ನು ಚೆನ್ನಾಗಿದೆ ಎಂದ. ಮೂರನೆಯ ಚಕ್ರದ ಹೊತ್ತಿಗೆ ಅವನ ಧ್ವನಿ ಮೊದಲಿನಂತಾಗಿತ್ತು, ಅಸ್ಕೊನ ಟೈರಿನ ಬಗ್ಗೆ ಅದೇ ಹಾಸ್ಯವನ್ನು, ಮೊದಲ ಸಲವೆಂಬಂತೆ, ಇನ್ನೊಮ್ಮೆ ಮಾಡಿದ. ಎಲ್ಲರೂ ಇನ್ನೊಮ್ಮೆ ನಕ್ಕರು.

ಹಿಲ್ಕಾ ಕೊನೆಯ ಚಕ್ರದ ಹತ್ತಿರ ಕೂತಿದ್ದಾಗ ಅವನು ಕಾರಿನ ಆಚೆ ಬದಿಗೆ, ಪಿಹ್ಲಾ ನಿಂತಲ್ಲಿಗೆ ಹೋದ. ಧ್ವನಿ ತಗ್ಗಿಸಿದ, ಆದರೂ ಈಚೆಗೆ ಕೇಳುತ್ತಿತ್ತು.

"ಟೀಚರ್, ಇವಳು ನನ್ನ ಹೆಂಡ್ತಿ. ಇನ್ನೂ ಈಗ ಕಲೀತಿದಾಳೆ. ಮುಂದೆ ದಾರೀಲಿ ಎಲ್ಲಾದ್ರೂ ನಿಲ್ಲಿಸಿ, ಯಾರ ಕೈಲಾದ್ರೂ ಇನ್ನೊಂದ್ಸಲ ಬಿಗಿ ಮಾಡಿಸ್ಕೊಂಡುಬಿಡಿ. ಅವಳಿಗೆ ಮಾತ್ರ ಗೊತ್ತಾಗ್ಬಾರ್ದು. ಮನಸ್ಸಿಗೆ ಹಚ್ಕೋತಾಳೆ."

ಪಿಹ್ಲಾ, ಆಗಲಿ, ಹೇಳುವುದಿಲ್ಲ ಎಂದಳು. ಹಿಲ್ಕಾ ತಲೆಯೆತ್ತಲಿಲ್ಲ. ಉಳಿದ ಬೋಲ್ಟಿಗೆ ಸ್ಪ್ಯಾನರ್ ಕೂರಿಸಿ, ಅದರ ಮೇಲೆ ಮೈಭಾರ ಹಾಕಿದಳು.